ಕಮಿಟ್ ಆಯ್ತು, ಮೆಸೇಜ್ ಹೋಗಲಿಲ್ಲ

ಗೋಡೌನಿನಿಂದ ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. "ಸಾರ್, ದುಡ್ಡು ಕಟ್ ಆಗಿದೆ ಅಂತ ಗಿರಾಕಿ ಬಯ್ತಿದ್ದಾರೆ. ನಮ್ಮ ಹತ್ರ ಆರ್ಡರೇ ಬಂದಿಲ್ಲ." ಡೇಟಾಬೇಸ್‌ನಲ್ಲಿ ನೋಡಿದರೆ ಆರ್ಡರ್ ಇದೆ, ಹಣವೂ ಬಂದಿದೆ. ಗೋಡೌನಿಗೆ ಹೋಗಬೇಕಿದ್ದ ಮೆಸೇಜ್ ಮಾತ್ರ ಎಲ್ಲೂ ಇಲ್ಲ.

ನಮ್ಮದು ನಾಲ್ಕು ಜನರ ಟೀಮ್. ಆರ್ಡರ್‌ಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ, ಮೆಸೇಜ್‌ಗಳು ಅವನ್ನು ಕ್ಯೂನಲ್ಲಿಟ್ಟು ತಲುಪಿಸುವ ರ್‍ಯಾಬಿಟ್‌ಎಂಕ್ಯೂನಲ್ಲಿ. ಕೋಡ್‌ನಲ್ಲಿ ಮೊದಲು ಡೇಟಾಬೇಸ್ ಕಮಿಟ್ (ಬರೆದಿದ್ದನ್ನು ಖಾಯಂ ಮಾಡುವುದು), ಮುಂದಿನ ಸಾಲಿನಲ್ಲಿ ಮೆಸೇಜ್. ಆ ಎರಡು ಸಾಲುಗಳ ನಡುವೆ ಸರ್ವರ್ ರೀಸ್ಟಾರ್ಟ್ ಆಗಿತ್ತು, ಅಷ್ಟೇ. ಅದಲು ಬದಲು ಮಾಡಿದರೆ ಇನ್ನೂ ಫಜೀತಿ. ಮೆಸೇಜ್ ಹೋಗಿ ಕಮಿಟ್ ಕೈಕೊಟ್ಟರೆ, ಇಲ್ಲದ ಆರ್ಡರ್‌ಗೆ ಗೋಡೌನಿನವರು ಡಬ್ಬ ಕಟ್ಟುತ್ತಾರೆ. ರೀಟ್ರೈ ಹಾಕಿದರೂ ಪೂರ್ತಿ ಉಪಯೋಗವಿಲ್ಲ. ಮತ್ತೆ ಕಳಿಸಬೇಕು ಅಂತ ನೆನಪಿಟ್ಟುಕೊಂಡ ಪ್ರೋಗ್ರಾಮೇ ಸತ್ತಿರುತ್ತದಲ್ವಾ?

ಬ್ಯಾಂಕ್ ಪ್ರಾಜೆಕ್ಟ್‌ಗಳಲ್ಲಿ ಪಳಗಿದ ಹಿರಿಯರೊಬ್ಬರು "ಎಕ್ಸ್‌ಎ ಹಾಕ್ಬಿಡಿ" ಅಂದರು. ಎರಡು ಬೇರೆ ಸಿಸ್ಟಮ್‌ಗಳಲ್ಲಿ ಒಟ್ಟಿಗೇ ಕಮಿಟ್ ಮಾಡಿಸುವ, 1991ರ ಕಾಲದ ಈ ಏರ್ಪಾಡು ಐಬಿಎಂನ ಮೆಸೇಜ್ ಸಾಫ್ಟ್‌ವೇರ್ ಎಂಕ್ಯೂ, ಡೇಟಾಬೇಸ್ ಡಿಬಿ2 ಜೋಡಿಗೆ ಸರಿ. ರ್‍ಯಾಬಿಟ್‌ಗೆ ಎಕ್ಸ್‌ಎ ಗೊತ್ತೇ ಇಲ್ಲ. ಆ ಮಾತು ಅಲ್ಲಿಗೇ ಮುಗಿಯಿತು. ಪೋಸ್ಟ್‌ಗ್ರೆಸ್‌ನ ಲಿಸನ್, ನೋಟಿಫೈ (ಡೇಟಾಬೇಸೇ ಕೇಳುವವರಿಗೆ ಸುದ್ದಿ ಮುಟ್ಟಿಸುವ ಸೌಲಭ್ಯ) ಕೂಡ ಅರ್ಧ ದಿನ ನೋಡಿದೆ. ಕೇಳುವವರು ಆ ಹೊತ್ತಿಗೆ ಕನೆಕ್ಟ್ ಆಗಿಲ್ಲದಿದ್ದರೆ ಅವರಿಗೆ ಆ ಸುದ್ದಿ ಮತ್ತೆ ಸಿಗುವುದಿಲ್ಲ. ಬೇಡ ಅನ್ನಿಸಿತು.

ನನಗೆ ಆಸೆ ಇದ್ದಿದ್ದು ಡೆಬೀಜಿಯಂ ಮೇಲೆ. ಅದು ಪೋಸ್ಟ್‌ಗ್ರೆಸ್‌ನ ವಾಲ್ ಅನ್ನು, ಅಂದರೆ ಪ್ರತಿ ಬದಲಾವಣೆ ಬರೆದಿಡುವ ಲಾಗ್ ಅನ್ನು ಓದಿ ಹೊರಗೆ ಕಳಿಸುತ್ತದೆ. ಆ್ಯಪ್‌ಗೆ ಇದರ ಗೊಡವೆಯೇ ಇರುವುದಿಲ್ಲ. ಇದರ ಜೊತೆ ಸಾಮಾನ್ಯವಾಗಿ ಬಳಸುವ ಕಾಫ್ಕಾ ಅನ್ನೋ ಮೆಸೇಜ್ ಸಾಫ್ಟ್‌ವೇರ್ ಇಲ್ಲದೆಯೂ ಡೆಬೀಜಿಯಂ ಸರ್ವರ್‌ನಿಂದ ರ್‍ಯಾಬಿಟ್‌ಗೆ ತಳ್ಳಬಹುದು. ಟೆಸ್ಟ್ ಸರ್ವರ್‌ನಲ್ಲಿ ಹಾಕಿದೆವು, ಮಜವಾಗಿ ಓಡಿತು. ಒಂದು ಶುಕ್ರವಾರ ಸಂಜೆ ಅದು ಸುಮ್ನೆ ನಿಂತುಹೋಯಿತು, ಯಾರೂ ನೋಡಲಿಲ್ಲ. ಸೋಮವಾರ ಬಂದರೆ ಡಿಸ್ಕ್ ತುಂಬಿ ಪೋಸ್ಟ್‌ಗ್ರೆಸ್ಸೇ ಮಲಗಿತ್ತು. ಓದುವವನು ಬರುವವರೆಗೆ ರೆಪ್ಲಿಕೇಷನ್ ಸ್ಲಾಟ್, ಅಂದರೆ ಅವನು ಎಲ್ಲಿವರೆಗೆ ಓದಿದ್ದಾನೆ ಅಂತ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವ ಗುರುತು, ಹಳೆಯ ವಾಲ್ ಫೈಲ್‌ಗಳನ್ನು ಬಿಟ್ಟುಕೊಡುವುದಿಲ್ಲ. ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ ಇದಕ್ಕೊಂದು ಮಿತಿ ಹಾಕಬಹುದು. ಆದರೆ ಮಿತಿ ದಾಟಿದರೆ ಸ್ಲಾಟ್ ಕೆಟ್ಟುಹೋಗಿ, ಓದದೆ ಉಳಿದಿದ್ದು ಕೈತಪ್ಪುತ್ತದೆ. ಡೆಬೀಜಿಯಂ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದನ್ನು ಹಗಲು ರಾತ್ರಿ ಕಾಯುವ ಜನ ನಮ್ಮಲ್ಲಿರಲಿಲ್ಲ.

ಕೊನೆಗೆ ಹಿಡಿದಿದ್ದು ಔಟ್‌ಬಾಕ್ಸ್ ಟೇಬಲ್. ಆರ್ಡರ್ ಸೇರುವ ಟ್ರಾನ್ಸಾಕ್ಷನ್‌ನಲ್ಲೇ ಕಳಿಸಬೇಕಾದ ಮೆಸೇಜ್ ಕೂಡ ಒಂದು ಸಾಲಾಗಿ ಸೇರುತ್ತದೆ. ಉಳಿದರೆ ಎರಡೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ವರ್ಕರ್ ಅನ್ನೋ ಬೇರೊಂದು ಪ್ರೋಗ್ರಾಮ್ ಸೆಕೆಂಡಿಗೊಮ್ಮೆ ಬಂದು ಕಳಿಸುತ್ತದೆ.

ಇಲ್ಲೂ ಒಮ್ಮೆ ಎಡವಿದೆ. "ಕೊನೆಗೆ ಕಳಿಸಿದ ಐಡಿಗಿಂತ ದೊಡ್ಡದು ಕೊಡು" ಅಂತ ಕ್ವೆರಿ ಬರೆದಿದ್ದೆ. ಒಂದು ಟ್ರಾನ್ಸಾಕ್ಷನ್ 4117 ಅನ್ನೋ ನಂಬರ್ ತಗೊಂಡು, ಪೇಮೆಂಟ್ ಉತ್ತರಕ್ಕೆ ಕಾಯುತ್ತಾ ಕೂತಿತು. (ಟ್ರಾನ್ಸಾಕ್ಷನ್ ಒಳಗೆ ಪೇಮೆಂಟ್‌ಗೆ ಕಾಯುವುದೇ ತಪ್ಪು, ಅದು ಬೇರೆ ಕಥೆ.) ಅಷ್ಟರಲ್ಲಿ 4118 ಕಮಿಟ್ ಆಯಿತು. ವರ್ಕರ್ ಅದನ್ನು ಕಳಿಸಿ, ಇಲ್ಲಿವರೆಗೆ ಮುಗೀತು ಅಂತ ಗುರುತು ಹಾಕಿಕೊಂಡಿತು. ಆಮೇಲೆ ಕಮಿಟ್ ಆದ 4117 ಅನ್ನು ಕೇಳುವವರೇ ಇಲ್ಲ. ಐಡಿ ಹುಟ್ಟುವ ಕ್ರಮ ಬೇರೆ, ಕಮಿಟ್ ಆಗುವ ಕ್ರಮ ಬೇರೆ ಅಂತ ಅವತ್ತು ತಲೆಗೆ ಹತ್ತಿತು. ಈಗ 'ಕಳಿಸಿದ ಸಮಯ' ಖಾಲಿ ಇರುವ ಸಾಲುಗಳನ್ನಷ್ಟೇ ಎತ್ತುತ್ತೇವೆ. ಬೇಗ ಹುಡುಕಲು ಅವುಗಳ ಮೇಲೆ ಮಾತ್ರ ಒಂದು ಪಾರ್ಷಿಯಲ್ ಇಂಡೆಕ್ಸ್ ಇದೆ. ಹೊಸ ಕೋಡ್ ಹಾಕುವ (ಡಿಪ್ಲಾಯ್) ವೇಳೆ ಎರಡು ವರ್ಕರ್ ಒಟ್ಟಿಗೆ ಓಡಿದರೂ ಒಂದೇ ಸಾಲಿಗೆ ಕೈ ಹಾಕದಿರಲಿ ಅಂತ, ಇನ್ನೊಬ್ಬರು ಹಿಡಿದ ಸಾಲು ಬಿಟ್ಟು ಮುಂದೆ ಹೋಗುವ ಸ್ಕಿಪ್ ಲಾಕ್ಡ್ ಹಾಕಿದ್ದೇವೆ.

ರ್‍ಯಾಬಿಟ್ ಕನ್ಫರ್ಮ್ (ಮೆಸೇಜ್ ಕೈಸೇರಿತು ಅನ್ನೋ ಉತ್ತರ) ಕೊಟ್ಟ ಮೇಲೆಯೇ ಸಮಯ ತುಂಬುತ್ತೇವೆ. ಆದರೆ ಜೋಕೆ: ಮೆಸೇಜ್‌ಗಳನ್ನು ಕ್ಯೂಗಳಿಗೆ ಹಂಚುವ ಎಕ್ಸ್‌ಚೇಂಜ್‌ಗೆ ಯಾವ ಕ್ಯೂ ಕಟ್ಟಿಲ್ಲದಿದ್ದರೂ ರ್‍ಯಾಬಿಟ್ ಮೆಸೇಜ್ ಎಸೆದು ಕನ್ಫರ್ಮ್ ಕೊಟ್ಟುಬಿಡುತ್ತದೆ! ಮ್ಯಾಂಡೇಟರಿ ಫ್ಲ್ಯಾಗ್ ಹಾಕಿದರೆ ಮಾತ್ರ ವಾಪಸ್ ಕಳಿಸುತ್ತದೆ.

ಕಳಿಸಿದ ಮೇಲೆ, ಸಮಯ ತುಂಬುವ ಮೊದಲು ವರ್ಕರ್ ಸತ್ತರೆ ಅದೇ ಮೆಸೇಜ್ ಎರಡನೇ ಸಲ ಹೋಗುತ್ತದೆ. ಅದನ್ನು ಒಪ್ಪಿಕೊಂಡಿದ್ದೇವೆ. ಗೋಡೌನ್ ಕಡೆ ಬಂದ ಮೆಸೇಜ್ ಐಡಿಯನ್ನು ಮೊದಲು, ಒಂದೇ ಐಡಿ ಎರಡು ಸಲ ಸೇರದ ಯೂನಿಕ್ ಕಾಲಮ್‌ಗೆ ಹಾಕುತ್ತಾರೆ. ಆಗಲೇ ಇದ್ದರೆ ಸುಮ್ಮನೆ ಬಿಡುತ್ತಾರೆ.

ಈಗ ಏನಾದರೂ ನಿಂತರೆ ಒಂದು ಸೆಲೆಕ್ಟ್ ಕ್ವೆರಿಯಲ್ಲಿ ಕಾಣುತ್ತದೆ, ರಾತ್ರಿ 2 ಗಂಟೆಗೆ ನಿದ್ದೆಗಣ್ಣಲ್ಲೂ. ಅತಿ ಹಳೆಯ ಕಳಿಸದ ಸಾಲಿಗೆ ಒಂದು ನಿಮಿಷ ದಾಟಿದರೆ ಅಲಾರಂ ಹೊಡೆಯುತ್ತದೆ. ಕಳಿಸಿದ ಸಾಲುಗಳನ್ನು ಹದಿನೈದು ದಿನ ಇಟ್ಟು ಆಮೇಲೆ ಅಳಿಸುತ್ತೇವೆ. ಗೋಡೌನಿನವರು ಸೋಮವಾರ ಫೋನ್ ಮಾಡಿ ಕೇಳುವುದು ಹೋದ ಮಂಗಳವಾರದ ಆರ್ಡರ್ ಬಗ್ಗೆ.