ಕಾರ್ಡ್ ಅಲ್ಲ, ಬೂಷ್ಟು: ಮಡಿಕೇರಿ ಮಳೇಲಿ ನನ್ನ 10ಜಿ ಲಿಂಕ್ ಸರಿಯಾಗಿದ್ದು

ನನ್ನ ಎರಡು ಸರ್ವರ್ ಮಧ್ಯದ 10 ಗಿಗಾಬಿಟ್ ಫೈಬರ್ ಲಿಂಕ್ ಮಳೇಲಿ ನಿಧಾನ ಆದಾಗ ಎಲ್ರೂ ಒಂದೇ ಮಾತು, "ನೆಟ್ವರ್ಕ್ ಕಾರ್ಡ್ ಹೋಗಿದೆ, ಬದಲಾಯ್ಸು". ಈ ಸಲ ಕಕ್ಕಡ (ಕೊಡಗಿನ ಜೋರು ಮಳೆ ತಿಂಗಳು) ಪೂರ್ತಿ ಕಳೀತು, ಸಿಆರ್‌ಸಿ ಕೌಂಟರ್ (ದಾರೀಲಿ ಕೆಟ್ಟು ಬಂದ ಡೇಟಾ ತುಣುಕುಗಳ ಲೆಕ್ಕ) ಸೊನ್ನೆ ಬಿಟ್ಟು ಅಲ್ಲಾಡಿಲ್ಲ, ಅದ್ಕೇ ಬರೀತಿದೀನಿ.

ಆಫೀಸಲ್ಲಿ ಮೇನ್ ಸರ್ವರ್, ಹಿಂದಿನ ಗೋಡೌನಲ್ಲಿ ಬ್ಯಾಕಪ್ ಸರ್ವರ್, ಮಧ್ಯೆ 120 ಮೀಟರ್ ಹತ್ರ ಓಎಂ3 ಫೈಬರ್ ಕೇಬಲ್, ಎರಡೂ ಕಡೆ ಇಂಟೆಲ್ ಎಕ್ಸ್520 ಕಾರ್ಡ್, ಬೆಳಕಲ್ಲಿ ಡೇಟಾ ಕಳ್ಸಿ ತಗೊಳ್ಳೋ ಎಸ್‌ಆರ್ ಮಾಡ್ಯೂಲ್. ಬೇಸಿಗೇಲಿ ವೇಗ ಅಳೆಯೋ ಐಪರ್ಫ್ 9.4 ಗಿಗಾಬಿಟ್ ಕೊಡ್ತಿತ್ತು. ಹೋದ ಜೂನಲ್ಲಿ ಮಳೆ ಹಿಡಿದಿದ್ದೇ ತಡ 2ಕ್ಕೆ ಬಿತ್ತು, ಲಿಂಕ್ ಮಾತ್ರ ಅಪ್ ಅಂತಾನೇ ತೋರಿಸ್ತಿತ್ತು, ಎರರ್ ಗೋಡೌನ್ ಕಡೆ ಮಾತ್ರ.

ಸೆಕೆಂಡ್ ಹ್ಯಾಂಡ್ ಕಾರ್ಡಿಗೆ 4 ಸಾವಿರ, ಮಾಡ್ಯೂಲ್ ಜೋಡಿಗೆ 3 ಸಾವಿರ ಚಿಲ್ಲರೆ, ಎರಡೂ ದಂಡ. ಬಂದ ಫ್ರೇಮ್ (ಡೇಟಾ ತುಣುಕು) ಸಾಲಾಗಿ ನಿಲ್ಲೋ ರಿಂಗ್ ಬಫರ್ 512ರಿಂದ 4096ಕ್ಕೆ ಏರಿಸ್ದೆ, ಅದು ಜಾಗ ಸಾಲ್ದೆ ಬಿಟ್ಟುಹೋಗೋ ಮಿಸ್ಡ್ ಎರರ್‌ಗೆ ಮದ್ದೇ ಹೊರತು ಸಿಆರ್‌ಸಿಗಲ್ಲ. ಎಂಟಿಯು (ಫ್ರೇಮಿನ ಗರಿಷ್ಠ ಗಾತ್ರ) 9000 ಮಾಡಿದ್ರೆ ಇನ್ನೂ ಹಾಳು, ಒಂದು ಬಿಟ್ ಕೆಟ್ರೂ ಅಷ್ಟು ದೊಡ್ಡ ಫ್ರೇಮ್ ಪೂರ್ತಿ ಹೋಗುತ್ತಲ್ಲ. ಡಿಸೆಂಬರಲ್ಲಿ ತಾನಾಗೇ ಸರಿಹೋಯ್ತು, ಎಲ್ರೂ ಮರ್ತ್ರು. ನಾನು ಮರೀಲಿಲ್ಲ.

ಈ ಜೂನಲ್ಲಿ ಮತ್ತೆ ಶುರುವಾದಾಗ ಎರಡೂ ತುದೀಲಿ ಎಲ್‌ಸಿ ಕನೆಕ್ಟರಿನ ಎರಡು ಎಳೆ (ಒಂದು ಹೋಗೋಕೆ, ಒಂದು ಬರೋಕೆ) ಅದಲು ಬದಲು ಮಾಡ್ದೆ. ಎರರ್ ಆಫೀಸ್ ಕಡೆಗೆ ಬಂತು! ಅಂದ್ರೆ ಕಾರ್ಡೂ ಅಲ್ಲ, ಮಾಡ್ಯೂಲೂ ಅಲ್ಲ, ಆ ಒಂದು ಎಳೇದೇ ಕಾಯಿಲೆ. ಕೇಬಲ್‌ನವರು "ಹೊಸದು ಎಳೀಬೇಕು, 35 ಸಾವಿರ ಆಗುತ್ತೆ" ಅಂದ್ರು. ನಾನು ಒಪ್ಪಲಿಲ್ಲ, ಹತ್ತು ನಿಮಿಷಕ್ಕೊಂದ್ಸಲ ಈಥ್‌ಟೂಲಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪೋ ಬೆಳಕಿನ ಬಲ, ಡಿಬಿಎಂ ಲೆಕ್ಕ, ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಮ್ಮಿ) ಬರೆದಿಡೋ ಹಾಗೆ, ಹೊತ್ತಿಗೆ ಸರಿಯಾಗಿ ತಾನಾಗೇ ಓಡೋ ಕ್ರಾನ್ ಹಾಕ್ದೆ. ಬೆಳಗಿನ ಜಾವ ಮೈನಸ್ 10ರ ಹತ್ರ (ಎಸ್‌ಆರ್‌ಗೆ ಮೈನಸ್ 9.9 ಕಡೇ ಗಡಿ), ಬಿಸಿಲು ಬಿದ್ದ ಮಧ್ಯಾಹ್ನ ಮೈನಸ್ 6. ಕೇಬಲ್ ಬಿಸಿಲಿಗೆ ವಾಸಿಯಾಗುತ್ತಾ?

ಗೋಡೌನ್ ಗೋಡೇಲಿ ಕೇಬಲ್ ಬಂದು ಸೇರೋ ಡಬ್ಬಿ ಬಿಚ್ಚಿದ್ರೆ ಮುಚ್ಚಳದ ಒಳಗೆ ಹನಿ, ಹಳೇ ಕಂಬಳಿ ವಾಸನೆ. ಪೋರ್ಟ್ ಡೌನ್ ಮಾಡಿ ಕನೆಕ್ಟರ್ ಸ್ಕೋಪಲ್ಲಿಟ್ರೆ ಬಿಳೀ ನೂಲಿನ ಥರ ಬೂಷ್ಟು, ಸರಿಯಾಗಿ ಬೆಳಕು ಹೋಗೋ ಕೋರ್ ಮೇಲೇ. ಜೊತೇಲಿದ್ದ ಹುಡುಗ ಬಾಯಲ್ಲಿ ಊದಿದ, ಇನ್ನೂ ಕೆಡ್ತು, ಉಸಿರಲ್ಲೂ ತೇವ ಇರುತ್ತಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, 1.25 ಎಂಎಂ ಕ್ಲೀನಿಂಗ್ ಪೆನ್ ಎರಡ್ಸಲ ಕ್ಲಿಕ್, ಎರಡು ಕನೆಕ್ಟರ್ ಸೇರೋ ಕಪ್ಲರ್ ಒಳಗೂ. ಮೈನಸ್ 2.8!

ಆರನೇ ದಿನ ಮತ್ತೆ ಮೈನಸ್ 7. ಸಿಲಿಕಾ ಜೆಲ್ ಇಟ್ಟೆ, ನಾಲ್ಕು ದಿನಕ್ಕೆ ನೀರು ಕುಡಿದು ಸುಮ್ನಾಯ್ತು. ಆಮೇಲೆ ಹೊಳೀತು, ಮಳೆಗಾಲದಲ್ಲಿ ನಮ್ಮನೇಲಿ ರೇಷ್ಮೆ ಸೀರೆ ಅಲ್ಮೆರಾದೊಳಗೆ ಅಜ್ಜಿ ಬಲ್ಬ್ ಉರಿಸಿಡ್ತಾರೆ. ಡಬ್ಬಿ ಕೆಳಗೆ ಒಂದು ಸಣ್ಣ ಬಲ್ಬ್, ಸದಾ ಬೆಚ್ಚಗೆ. ಕೇಬಲ್ ಒಳಗೆ ಬರೋ ತೂತು ಮುಚ್ಚೋಕೆ ನಾನು ಕಲಸಿದ್ದೇನು ಅನ್ನೋದು ಮಾತ್ರ ಸದ್ಯಕ್ಕೆ ನನ್ಹತ್ರನೇ ಇರ್ಲಿ.

ಪೆನ್ನು, ಬಲ್ಬು, ಎಲ್ಲಾ ಸೇರಿ ಎರಡೂವರೆ ಸಾವಿರ ದಾಟಿಲ್ಲ. ನಿನ್ನೆ ರಾತ್ರಿ ಧೋ ಅಂತ ಸುರೀತಿರುವಾಗ ಐಪರ್ಫ್ ಹಾಕ್ದೆ: 9.4, ರಿಟ್ರಾನ್ಸ್‌ಮಿಟ್ ಸೊನ್ನೆ.