ಸೇಡಂ ರೋಡಿನ ಗಲ್ಲಿದಾಗ ಸುಶಿ: ನಾ ಹ್ಯಾಂಗ ನಡಸ್ಲಿಕತ್ತೀನಿ

ಸುಶಿ ಅನ್ನೋ ಜಪಾನಿನ ಹುಳಿ ಅನ್ನದ ತಿಂಡಿ ಅಂದ್ರ ಹಸಿ ಮೀನ ಅಂತ ತಿಳ್ಕೊಂಡು ಬರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ನಮ್ಮಲ್ಲಿ ಹಸಿ ಮೀನ ಸಿಗಲ್ರಿ. ಕಲಬುರಗಿಯ ಸೇಡಂ ರೋಡ ಕಡಿ ಒಂದ್ ಗಲ್ಲಿದಾಗ ನಾಕ ಟೇಬಲ್ ಹಾಕ್ಕೊಂಡು ಸಂಜಿ ಮುಂದ ಸುಶಿ ಮಾಡ್ತೀನಿ, ಕೆಲಸ ಕಲ್ತಿದ್ದು ಬೆಂಗಳೂರಿನ ಒಂದ್ ಹೋಟೆಲ್ ಕಿಚನ್‌ದಾಗ, ಅಲ್ಲಿ ಸಾಲ್ಮನ್ ಅನ್ನೋ ಕೇಸರಿ ಮೀನ ಕೊಯ್ಯೋದು ಎಲ್ಲಾ ಬರ್ತದ ನನಗ, ಆದ್ರ ಇಲ್ಲಿ ಮಾಡಲ್ಲ. ರೀಲ್ಸ್ ನೋಡಿ ಬಂದ ಹುಡುಗ್ರು "ಆ ಕೇಸರಿ ಬಣ್ಣದ್ದು ಇಲ್ಲೇನ್ರಿ, ಹಂಗಾದ್ರ ಇದ್ಯಾವ ಸುಶಿ" ಅಂತ ಮಾರಿ ಸಣ್ಣದ್ ಮಾಡ್ಕೋತಾರ. ಖರೇ ಹೇಳ್ಬೇಕಂದ್ರ ಸುಶಿದಾಗ ಅರ್ಧಕ್ಕಿಂತ ಜಾಸ್ತಿ ಕೆಲಸ ಇರೋದು ಹುಳಿ ಅನ್ನದ್ದು, ಸವತಿಕಾಯಿ ಸುತ್ತಿದ್ದೂ ಸುಶಿನೇ, ತತ್ತಿ ಇಟ್ಟಿದ್ದೂ ಸುಶಿನೇ, ಜಪಾನ್‌ದಾಗ ಅದಕ್ಕ ಯಾರೂ ಡುಪ್ಲಿಕೇಟ್ ಅನ್ನಲ್ಲ. ಅಷ್ಟೇ ಯಾಕ, ಈ ಹಸಿ ಸಾಲ್ಮನ್ ಅನ್ನೋದೇ ಜಪಾನಿನ ಹಳಿ ಚಾಳಿ ಅಲ್ಲ, 1980ರ ದಶಕದಾಗ ನಾರ್ವೆ ದೇಶದವ್ರು ತಮ್ಮ ಮೀನ ಮಾರ್ಲಾಕ ಅಂತ ಹಿಂದ್ ಬಿದ್ದು ರೂಢಿ ಮಾಡಿಸಿದ್ದು.

ಯಾಕ ಇಡಲ್ಲ ಅಂದ್ರ, ಹಸಿ ತಿನ್ನೋ ಮೀನಕ್ಕ ತಾಜಾ ಇದ್ರ ಸಾಲಲ್ಲ, ಒಳಗ ಹುಳ ಇರ್ತಾವ, ಅವು ಸಾಯ್ಬೇಕಂದ್ರ ಅಮೆರಿಕಾದ ಆಹಾರ ಇಲಾಖೆ ಎಫ್‌ಡಿಎ ಹೇಳೋ ಪ್ರಕಾರ ಮೈನಸ್ 20 ಡಿಗ್ರಿದಾಗ 7 ದಿನ, ಇಲ್ಲಾ ಮೈನಸ್ 35ರಾಗ ಗಟ್ಟಿ ಮಾಡಿ 15 ತಾಸು ಇಡ್ಬೇಕು. ನಮ್ ಮನಿ ಫ್ರೀಜರ್ ಮೈನಸ್ 18ಕ್ಕ ನಿಂತ್ರ ಅದೇ ದೊಡ್ಡದು, ಅದೂ ಕರೆಂಟ್ ಇದ್ರ. ಮತ್ತ ಫ್ರೀಜ್ ಮಾಡಿದ್ರ ಹುಳ ಸಾಯ್ತಾವ ಖರೇ, ಬ್ಯಾಕ್ಟೀರಿಯಾ ಸಾಯಲ್ಲ, ಹಡಗಿನಿಂದ ಪ್ಲೇಟಿನ ತನಕ ಎಲ್ಲೂ ಥಂಡಿ ತಪ್ಪಬಾರ್ದು, ಮೇ ತಿಂಗಳದಾಗ 42-43 ಡಿಗ್ರಿ ಬಡಿಯೋ ಊರಾಗ ಆ ಗ್ಯಾರಂಟಿ ನಾ ಕೊಡಲ್ಲ. ಕೆಲವ್ರು "ಭೀಮಾ ಹೊಳಿ ಮೀನ ಹಾಕ್ರಿ, ಇವತ್ ಹಿಡ್ದು ಇವತ್ತೇ" ಅಂತಾರ. ಅದಂತೂ ಇನ್ನೂ ಬ್ಯಾಡ, ಸಿಹಿ ನೀರಿನ ಮೀನದಾಗ ಲಿವರಿಗಿ ಹತ್ತೋ ಹುಳ ಇರೋ ಭಯ, ಹೊಳಿ ಮೀನ ಸಾರಿಗೆ ಹಾಕ್ರಿ, ಹುರ್ಕೊಂಡ್ ತಿನ್ರಿ, ಹಸಿ ತಿನ್ನೋ ಮಾತ್ ಬಿಡ್ರಿ.

ಇನ್ನ ಅನ್ನ. ಸೋನಾ ಮಸೂರಿ ನಡಿಯಲ್ಲ, ಅದರ ಗುಣನೇ ಉದುರು ಉದುರು ಆಗೋದು, ನಮ್ ಚಿತ್ರಾನ್ನಕ್ಕ ಅದೇ ಛಂದ, ಇಲ್ಲಿ ಕಾಳು ಕಾಳಿಗೆ ಹತ್ಕೋಬೇಕು ಆದ್ರ ಮುದ್ದಿ ಆಗಬಾರ್ದು. ಅದಕ್ಕ ಜಪಾನಿ ಜಾತಿ ಗಿಡ್ಡ ಅಕ್ಕಿ ಬೇಕು, ಆನ್‌ಲೈನ್ ತರಸ್ತೀನಿ, ರೊಕ್ಕ ಜಾಸ್ತಿನೇ. ನಾಕೈದ್ ನೀರಾಗ ತೊಳ್ದು, ಅರ್ಧ ತಾಸು ನೆನಸಿ, 1 ಲೋಟ ಅಕ್ಕಿಗಿ 1 ಲೋಟ ನೀರು ಮ್ಯಾಲೊಂದ್ ಚೂರು, ಬೆಂದ್ ಮ್ಯಾಲ ಮುಚ್ಚಳ ತಗೀದೆ ಹಂಗೇ 10-15 ನಿಮಿಷ ಬಿಡ್ತೀನಿ. ವಿನೆಗರ್ 1 ಕೆಜಿ ಅಕ್ಕಿಗಿ 140 ಮಿಲಿ ಸುತ್ತಮುತ್ತ, ಸಕ್ಕರಿ 60 ಗ್ರಾಂ, ಉಪ್ಪು 20, ಅದೂ ಅಕ್ಕಿ ವಿನೆಗರ್, ಕಿರಾಣಿ ಅಂಗಡಿಯ ಸಿಂಥೆಟಿಕ್ ಬಿಳಿ ವಿನೆಗರ್ ಹಾಕಿದ್ರ ಮೂಗಿಗಿ ಹೊಡಿತದ. ಅನ್ನ ಸುಡು ಸುಡು ಇರೋವಾಗ್ಲೇ ಅಗಲ ಪರಾತದಾಗ ಹರವಿ ಸುರೀಬೇಕು, ಕಟಗಿ ಸವುಟಿಲೆ ಅಡ್ಡಡ್ಡ ಕೊಯ್ದಂಗ ಮಾಡ್ಬೇಕು, ಕಲಸಬಾರ್ದು, ಜೋಡಿಗೆ ಪಂಖಾ ಗಾಳಿ. ಮೈ ಬಿಸಿ ಎಷ್ಟಿರ್ತದ ಅಷ್ಟಕ್ಕ ಇಳಿದಾಗ ಅನ್ನ ರೆಡಿ.

ಈ ಅನ್ನ ಫ್ರಿಜ್‌ದಾಗ ಇಡಂಗಿಲ್ಲ, ಕಾಳು ಬಿರುಸಾಗ್ತದ, ಹೊರಗ ಇಟ್ರ ಸಾದಾ ಅನ್ನ ನಮ್ಮ ಬಿಸಿಲಿಗಿ ಲಗೂನೇ ಕೆಡ್ತದ, ಅಲ್ಲಿ ವಿನೆಗರ್ ಕೆಲಸಕ್ಕ ಬರ್ತದ, ಹುಳಿ ಸರಿ ಇದ್ದು ಪಿಎಚ್, ಅಂದ್ರ ಹುಳಿ ಅಳಿಯೋ ಅಂಕಿ, 4.6ಕ್ಕಿಂತ ಕೆಳಗಿದ್ರ ಅನ್ನದಾಗಿನ ಬ್ಯಾಕ್ಟೀರಿಯಾ ಲಗೂನ ಬೆಳಿಯಲ್ಲ. ನಾ ಲಿಟ್ಮಸ್ ಥರದ ಪಟ್ಟಿ ತರಿಸಿ ಇಟ್ಕೊಂಡೀನಿ, ಪ್ರತಿ ಪಾತ್ರಿಗೂ ಒಂದ್ ಅದ್ದಿ ನೋಡ್ತೀನಿ, ಗಿರಾಕಿಗೋಳು ನೋಡಿ "ಏನ್ರಿ ಇದು ಲ್ಯಾಬಾ" ಅಂತ ನಗ್ತಾರ. ನಗ್ಲಿ. ಪಟ್ಟಿ ಎಷ್ಟೇ ಸರಿ ತೋರಿಸ್ಲಿ ರಾತ್ರಿ ಉಳಿದ ಅನ್ನ ಮರುದಿನಕ್ಕಿಲ್ಲ.

ಸುಶಿ ಸುತ್ತೋ ಆ ಕರಿ ಹಾಳಿ ಅದಲ್ಲ, ನೋರಿ, ಅದು ಸಮುದ್ರದ ಪಾಚಿ ಒಣಗಿಸಿ ಮಾಡಿದ್ದು, ಪಕ್ಕಾ ವೆಜ್. ಬ್ಯಾಸಿಗಿದಾಗ ನಮ್ ಊರ ಒಣ ಹವಾ ಅದಕ್ಕ ಭಾಳ ಒಳ್ಳೇದು, ಮಳಿಗಾಲ ಬಂತಂದ್ರ ಪಾಕೀಟ್ ಒಡದ ತಾಸಿನಾಗ ಮೆತ್ತಗಾಗಿ ಚರ್ಮದಂಗ ಜಗೀಬೇಕಾಗ್ತದ. ಅದಕ್ಕ ಜ್ವಾಳದ ರೊಟ್ಟಿ ಹಂಚು ಕಾಯಿಸಿ ಅದರ ಮ್ಯಾಲ ಹಾಳಿ ಹಂಗ ಒಂದ್ ಸಲ ಹಿಂಗ ಒಂದ್ ಸಲ ಆಡಸ್ತೀನಿ, ಕರುಂ ಅಂತದ, ಆವಾಗ ಸುತ್ತಬೇಕು.

ಕಲಬುರಗಿದಾಗ ಅಂಗಡಿ ನಡಿಯೋದು ನಿಲ್ಲೋದು ಎರಡೂ ಏನೇನ್ ಹಾಕೀವಿ ಅಂತ ಮೊದ್ಲೇ ಬಿಚ್ಚಿ ಹೇಳೋದ್ರ ಮ್ಯಾಲ. ನನ್ನ ನಾಕ ಟೇಬಲಿನಾಗ ಒಂದರ ಮ್ಯಾಲ ಶರಣಬಸಪ್ಪನ ಗುಡಿಗಿ ಹೋಗಿ ವಿಭೂತಿ ಹಚ್ಕೊಂಡ್ ಬಂದ ಮನಿ ಮಂದಿ, ಬಾಜೂಕ ದರ್ಗಾ ಏರಿಯಾದ ಹುಡುಗ್ರು, ಇಬ್ರೂ ಕೇಳೋದು ಒಂದೇ, "ಇದ್ರಾಗ ಏನೇನದ ಹೇಳ್ರಿ." ವೆಜ್ ರೋಲ್ ಅಂದ್ಕೂಡ್ಲೇ ವೆಜ್ ಆಗಂಗಿಲ್ಲ. ಮಿಸೊ ಸೂಪ್ ಅಂತ ಸೋಯಾದ ಸೂಪ್ ಕೊಡ್ತಾರಲ್ಲ, ಅದರ ಬುನಾದಿ ದಾಶಿ ಅನ್ನೋ ನೀರು, ಅದಕ್ಕ ಬೊನಿಟೊ ಮೀನಿನ ಒಣ ಚೂರು ಹಾಕಿರ್ತಾರ, ಮ್ಯಾಲ ತೋಫು, ಅಂದ್ರ ಸೋಯಾ ಪನೀರ್, ತೇಲಿದ್ದು ನೋಡಿ ವೆಜ್ ಅಂತ ಕುಡ್ದ್ ಹೋದ ಮಂದಿ ಎಷ್ಟೋ. ಏಡಿ ಕಡ್ಡಿ ಅಂತ ಬರ್ತದ, ಅದ್ರಾಗ ಏಡಿ ಇರಲ್ಲ, ಬಿಳಿ ಮೀನ ರುಬ್ಬಿದ್ದು, ತತ್ತಿ ಬಿಳಿ, ಗೋಧಿ. ಆ ಕಂದು ಹೊಳಿಯೋ ಸಿಹಿ ಸಾಸಿನಾಗ ಮಿರಿನ್ ಇರ್ತದ, ಮಿರಿನ್ ಅಂದ್ರ ಅಕ್ಕಿ ದಾರೂನ ಜಾತಿದು, ಮುಸ್ಲಿಂ ಗಿರಾಕಿಗಿ ಅದು ನಡಿಯಲ್ಲ, ನಮ್ ಲಿಂಗಾಯತರ ಅಜ್ಜಿಗೂ ನಡಿಯಲ್ಲ.

ಹಿಂಗಾಗಿ ನಾ ಏಡಿ ಕಡ್ಡಿ ಇಡದೇ ಬಿಟ್ಟೀನಿ, ಮಿರಿನ್ ಬದ್ಲಿ ಸಕ್ಕರಿ ನೀರು, ಸೋಯಾ ಸಾಸ್ ಹಲಾಲ್ ಛಾಪಾ ಇದ್ದದ್ದು, ಯಾಕಂದ್ರ ಸೋಯಾ ಹುಳಿ ಬರಿಸೋವಾಗ ತಾನಾಗೇ ಚೂರು ಆಲ್ಕೋಹಾಲ್ ಹುಟ್ತದ, ಬಾಟ್ಲಿ ಟೇಬಲಿಗೇ ತಂದು ತೋರಿಸ್ತೀನಿ, ಮುಂದಿಂದು ಅವರ ಇಷ್ಟ. ಸೂಪಿಗಿ ಕೊಂಬು ಅನ್ನೋ ಸಮುದ್ರದ ಪಾಚಿ, ಒಣ ಅಣಬಿ ಅಷ್ಟೇ. ರುಚಿ ಕಡಿಮಿ ಆಗ್ತದೇನು ಅಂದ್ರ ಇಲ್ರಿ, 1908ರಾಗ ಟೋಕಿಯೊದ ಇಕೆಡಾ ಕಿಕುನಾಯೆ ಅನ್ನೋ ಪ್ರೊಫೆಸರ್ ಇದೇ ಕೊಂಬು ಕುದಿಸಿ ಗ್ಲುಟಮೇಟ್ ಅನ್ನೋ ರುಚಿ ಕೊಡೋ ಅಂಶ ತಗದಿದ್ದು, ಅಜಿನೊಮೊಟೊ ಹುಟ್ಟಿದ್ದೇ ಅಲ್ಲಿಂದ. "ಅಜಿನೊಮೊಟೊ ಹಾಕ್ತೀರೇನ್ರಿ" ಅಂತ ಗದರಿಸಿ ಕೇಳೋರಿಗೆ ಪುಡಿ ಹಾಕಲ್ರಿ, ಪಾಚಿದಾಗೇ ಅದ ಅಂತೀನಿ, ಸಿಟ್ಟಿಗಿ ಬರ್ತಾರ ಒಮ್ಮೊಮ್ಮೆ. ತತ್ತಿ, ಬೆಂದ ಸೀಗಡಿ ಇವಕ್ಕ ಬ್ಯಾರೆ ಹಲಗಿ, ಬ್ಯಾರೆ ಚಾಕು, ಬಿದಿರ ಚಾಪಿನೂ ಬ್ಯಾರೆ. ಶ್ರಾವಣದಾಗ ಆ ಕಡಿ ಹಲಗಿ ಎತ್ತಿ ಇಟ್ಬಿಡ್ತೀನಿ, ಮಾರಾಟನೂ ಇರಲ್ಲ.

ಸುಶಿ ಜೋಡಿ ಕೊಡೋ ಹಸಿರ್ ಘಾಟಿನ ಮುದ್ದಿ ವಾಸಾಬಿ, ಅದರ ಕಥಿ ಬ್ಯಾರೆ. ನಾವು ಖಾರ ತಿನ್ನೋ ಮಂದಿ ಅಂತ ಎದಿ ಉಬ್ಬಿಸ್ಕೊಂಡು ಕಾಲೇಜ್ ಹುಡುಗ್ರು ಇಡೀ ಉಂಡಿ ಬಾಯಾಗ ಹಾಕ್ಕೋತಾರ, ಶರ್ತು ಕಟ್ಟಿ. ಮೆಣಸಿನಕಾಯಿ ಖಾರ ನಾಲಿಗಿ ಹಿಡ್ಕೊಂಡು ಕೂಡ್ತದ, ಇದು ಗಾಳಿ ಆಗಿ ಸೀದಾ ಮೂಗಿಗಿ ಏರ್ತದ, ಸಾಸಿವಿ ಅರದಾಗ ಬರ್ತದಲ್ಲ ಅದೇ ಜಾತಿ ಘಾಟು. ಕಣ್ಣೀರು ಸುರಿಸ್ಕೊಂಡು ಮ್ಯಾಲ ನೀರು ಕುಡೀತಾರ, ನೀರಿಂದ ಏನೂ ಆಗಲ್ಲ, ಬಾಯಿಲೆ ಉಸಿರಾಡಿ ಒಂದ್ ನಿಮಿಷ ಸುಮ್ಮ ಕೂತ್ರ ತಾನೇ ಇಳಿತದ. ಮತ್ತ ಟ್ಯೂಬಿನಾಗಿಂದು ಬಹುತೇಕ ಹಾರ್ಸ್‌ರ್ಯಾಡಿಷ್ ಅನ್ನೋ ಗಡ್ಡಿಗಿ ಹಸಿರ್ ಬಣ್ಣ ಕಲಸಿದ್ದು, ಖರೇ ವಾಸಾಬಿ ಗಡ್ಡಿ ಭಾಳ ತುಟ್ಟಿ, ನನ್ನ ಕಡಿನೂ ಟ್ಯೂಬೇ. ಜನಕ್ಕ ಖಾರ ಬೇಕೇ ಬೇಕಂದ್ರ ಸವತಿಕಾಯಿ ರೋಲಿನ ಮ್ಯಾಲ ಶೇಂಗಾ ಹಿಂಡಿ ಉದುರಸ್ತೀನಿ, ಜಪಾನಿನವ್ರು ನೋಡಿದ್ರ ಏನಂತಾರೋ, ನನ್ನಲ್ಲಿ ಎಲ್ಲಾದಕ್ಕಿಂತ ಜಾಸ್ತಿ ಹೋಗೋದು ಅದೇ. ಶೆಜ್ವಾನ್ ಮಯೊನೀಸ್ ಮಾತ್ರ ಹಾಕಲ್ಲ, ಅದನ್ನ ಹಾಕಿದ್ರ ಅನ್ನದ ರುಚಿ ಸತ್ತು ಹೋಗ್ತದ.

ತಿನ್ನೋದು ಹ್ಯಾಂಗ ಅಂತ ನಾಚ್ಕೊಂಡು ಕಡ್ಡಿ ಹಿಡ್ಕೊಂಡು ಒದ್ದಾಡೋರಿಗೆ ಕೈಲೆ ತಿನ್ರಿ ಅಂತೀನಿ. ಸುಳ್ಳಲ್ಲ, ಕೈ ಮುದ್ದಿ ಮಾಡಿದ ಸುಶಿ 1820ರ ದಶಕದಾಗ ಎಡೊ ಊರಿನ, ಅಂದ್ರ ಈಗಿನ ಟೋಕಿಯೊದ, ಬೀದಿ ಅಂಗಡಿಗಳಿಂದ ಬೆಳದಿದ್ದು, ಹನಾಯಾ ಯೊಹೆಯಿ ಅನ್ನೋನ ಹೆಸರು ಅದಕ್ಕ ಹೇಳ್ತಾರ, ನಿಂತು ಕೈಲೆ ತಿಂದು ಹೋಗೋ ತಿಂಡಿ, ನಮ್ ಮಿರ್ಚಿ ಬಂಡಿ ಇದ್ದಂಗ. ಅನ್ನ ಸಾಸಿನಾಗ ಮುಳುಗಿಸಬ್ಯಾಡ್ರಿ, ಹೀರ್ಕೊಂಡು ಒಡದ್ ಹೋಗ್ತದ, ಮ್ಯಾಲಿನ ಕಡಿ ಚೂರೇ ಅದ್ರಿ. ಗುಲಾಬಿ ಶುಂಠಿ ಮ್ಯಾಲ ಹೊದಿಸ್ಕೊಂಡು ತಿನ್ನೋದಲ್ಲ, ಒಂದಾದ ಮ್ಯಾಲ ಇನ್ನೊಂದಕ್ಕ ಬಾಯಿ ತೊಳಿಯೋಕ. ಮತ್ತ ದಯಮಾಡಿ ಪ್ಲೇಟ್ ಬಂದ್ ಮ್ಯಾಲ ಹತ್ತ್ ನಿಮಿಷ ಫೋಟೋ ಹೊಡೀಬ್ಯಾಡ್ರಿ, ಒಂದ್ ಫೋಟೋ ಸಾಕು, ನೋರಿ ಅಷ್ಟ್ರಾಗೇ ಮೆತ್ತಗಾಗಿರ್ತದ.

ಪಾರ್ಸಲ್ ಕೇಳೋರು ಭಾಳ. ರೋಲ್ ಕೊಡಲ್ಲ, ಡಬ್ಬಿದಾಗ ಬೆವತು ಮನಿ ಮುಟ್ಟೋದ್ರಾಗ ಕೆಲಸ ಮುಗದಿರ್ತದ, ಬ್ಯಾಸಿಗಿದಾಗ ಸ್ಕೂಟಿ ಡಿಕ್ಕಿದಾಗ ಹಾಕಿದ್ರಂತೂ ಮುಗೀತು. ಇನಾರಿ ಮಾತ್ರ ಕೊಡ್ತೀನಿ, ಎಣ್ಣಿದಾಗ ಕರದ ತೋಫು ಚೀಲ ಸಿಹಿ ಸೋಯಾದಾಗ ಕುದಿಸಿ ಒಳಗ ಅನ್ನ ತುಂಬೋದು, ಅದಕ್ಕ ನೋರಿನೂ ಇಲ್ಲ, ಮೀನನೂ ಇಲ್ಲ, ಜಪಾನ್‌ದಾಗೂ ಬುತ್ತಿ ಕಟ್ಕೊಂಡ್ ಹೋಗೋದೇ ಅದು. ಎರಡ್ ತಾಸಿನಾಗ ತಿನ್ರಿ ಅಂತ ಡಬ್ಬಿ ಮ್ಯಾಲ ಟೈಮ್ ಬರದು ಕೊಡ್ತೀನಿ.