ಬಿ.ಪಿ. ಯಂತ್ರದ ಸೆಲ್‌ಗೆ ದುಡ್ಡು ಎಲ್ಲಿಂದ?

ಕುಷ್ಟಗಿ ತಾಲ್ಲೂಕಿನ ಉಪಕೇಂದ್ರವೊಂದಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದ ಮೊದಲ ತಿಂಗಳಲ್ಲೇ ನನ್ನ ಬಿ.ಪಿ. ಯಂತ್ರ ನಿಂತುಹೋಯಿತು. ಕೆಟ್ಟಿರಲಿಲ್ಲ, ನಾಲ್ಕು ಸೆಲ್ ಮುಗಿದಿದ್ದವು ಅಷ್ಟೇ. ಅವನ್ನು ಯಾವ ಲೆಕ್ಕದಲ್ಲಿ ಕೊಳ್ಳಬೇಕೆಂದು ಕೇಳಿದರೆ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಕೈಯಿಂದ ಹಾಕಿದೆ. ಎರಡನೆಯ ಸಲವೂ ಹಾಕಿದೆ. ಮೂರನೆಯ ಸಲ ಕಿರಾಣಿ ಅಂಗಡಿಯವನು, "ಅಕ್ಕಾರೇ, ನಿಮ್ಮ ಮನೆಯಲ್ಲಿ ಎಷ್ಟು ಗಡಿಯಾರಗಳಿವೆ?" ಎಂದು ಕೇಳಿದ. ನಗುವೂ ಬಂತು, ಸಿಟ್ಟೂ ಬಂತು.

ದುಡ್ಡೇ ಇಲ್ಲವೆಂದಲ್ಲ. ಬಿ.ಪಿ., ಶುಗರ್‌ನಂಥ ಅಸಾಂಕ್ರಾಮಿಕ (ಒಬ್ಬರಿಂದೊಬ್ಬರಿಗೆ ಅಂಟದ) ರೋಗಗಳ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೇ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ಕೇಂದ್ರ 60, ರಾಜ್ಯ 40 ಪಾಲು ಹಾಕುತ್ತವೆ. 30 ವರ್ಷ ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಹೋಗಿ ನಮೂನೆ ತುಂಬುತ್ತಾಳೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮನೆತನದಲ್ಲಿ ಯಾರಿಗಾದರೂ ಬಿ.ಪಿ., ಶುಗರ್ ಇದೆಯೇ ಎಂಬುದು. ಈ ಉತ್ತರಗಳಿಗೆ ಬೀಳುವ ಒಟ್ಟು ಅಂಕ 4 ದಾಟಿದವರ ಪರೀಕ್ಷೆ ಮೊದಲು. ಮಾತ್ರೆ, ಶುಗರ್ ನೋಡುವ ಸ್ಟ್ರಿಪ್ಪು ಮೇಲಿನಿಂದ ಬರುತ್ತವೆ. ಬಾರದೇ ಉಳಿಯುವುದು ಸೆಲ್ಲು, ದರ್ಜಿಯ ಟೇಪು, ಒಂದು ಚೀಟಿಯಂಥ ಚಿಲ್ಲರೆ ಸಾಮಾನು. ಕೆಲಸ ನಿಲ್ಲುವುದೂ ಅಲ್ಲೇ.

ಮೊದಲು ನಾನು ದೊಡ್ಡದಕ್ಕೇ ಕೈ ಹಾಕಿದೆ. ಕಡಿಮೆ ಉಪ್ಪಿನ ಅಡುಗೆಯ ಪ್ರಾತ್ಯಕ್ಷಿಕೆ, ತಂಬಾಕು ಬಿಡಿಸುವ ಸಲಹೆ, ಹೆಂಗಸರ ಸಂಜೆ ನಡಿಗೆ, ಎಲ್ಲ ಸೇರಿಸಿ ಹನ್ನೊಂದು ಪುಟದ ಪ್ರಸ್ತಾವನೆ ಬರೆದು ಒಂದು ಕಚೇರಿಗೆ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಪೆನ್ಸಿಲಿನ ಷರಾ ಹೊತ್ತು ವಾಪಸು ಬಂತು: "ಕಾಮಗಾರಿಯ ಅಂದಾಜು ಪಟ್ಟಿ, ನಕ್ಷೆ ಲಗತ್ತಿಸಿಲ್ಲ." ಸಾರಿಗೆ ಉಪ್ಪು ಕಡಿಮೆ ಹಾಕುವುದಕ್ಕೆ ನಕ್ಷೆ ಎಲ್ಲಿಂದ ತರಲಿ? ಕಟ್ಟಡವಾದರೆ ಇಟ್ಟಿಗೆ ಎಣಿಸಬಹುದು. ಹೊಡೆಯದೇ ಹೋದ ಲಕ್ವಾಕ್ಕೆ ಬಿಲ್ಲು ಬರೆಯಲು ಬರುವುದಿಲ್ಲ. ಆ ಷರಾ ಬರೆದ ಮನುಷ್ಯನ ಮೇಲೆ ನನಗೆ ಕೋಪವಿಲ್ಲ. ಅವರ ಮುಂದಿದ್ದ ತಪಾಸಣೆ ಪಟ್ಟಿಯಲ್ಲಿ ಆ ಎರಡು ಅಂಕಣ ಖಾಲಿ ಇದ್ದವು.

ದಾರಿ ತೋರಿಸಿದವಳು ನಮ್ಮ ಆಶಾ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇರುತ್ತದೆ. ಊರಿನ ಆರೋಗ್ಯಕ್ಕೆ ಬೇಕಾದದ್ದನ್ನು ಸಮಿತಿಯೇ ಕೂತು ತೀರ್ಮಾನಿಸಬಹುದು. ನಮ್ಮಲ್ಲಿ ಅದು ಪ್ರತಿ ವರ್ಷ ಬ್ಲೀಚಿಂಗ್ ಪೌಡರಿಗೆ ಸ್ವಲ್ಪ ಹೋಗಿ, ಉಳಿದದ್ದು ಬ್ಯಾಂಕಿನಲ್ಲಿ ಮಲಗಿರುತ್ತಿತ್ತು. ಖರ್ಚು ಮಾಡದೆ ಇಟ್ಟರೆ ಉಳಿತಾಯವೆಂದು ಯಾರೂ ಬೆನ್ನು ತಟ್ಟುವುದಿಲ್ಲ, ಮುಂದಿನ ವರ್ಷದ ಕಂತಿಗೇ ಕತ್ತರಿ ಬೀಳುತ್ತದೆ.

ಸಮಿತಿಯ ಅಧ್ಯಕ್ಷೆ ಪಂಚಾಯಿತಿ ಸದಸ್ಯೆ. ಅವರ ಮನೆಯ ಪಡಸಾಲೆಯಲ್ಲೇ ಸಭೆ ನಡೆಯಿತು. ನಾನು ಕಲಿತ ಪಾಠ ಇಷ್ಟು: ಸಾಮಾನು ತಂದಮೇಲೆ ನಡಾವಳಿ ಬರೆಯಬಾರದು, ಮೊದಲು ಠರಾವು, ಆಮೇಲೆ ಖರೀದಿ. "ಜಾಗೃತಿ ಚಟುವಟಿಕೆ" ಎಂದು ಗಾಳಿಯಲ್ಲಿ ತೇಲುವ ಮಾತು ಬರೆದರೆ ಲೆಕ್ಕ ತಪಾಸಣೆಯವರು ಅದನ್ನೇ ಹಿಡಿಯುತ್ತಾರೆ. "ಬಿ.ಪಿ. ಯಂತ್ರಕ್ಕೆ ಸೆಲ್, ಇಷ್ಟು ಜೊತೆ" ಎಂದು ಬರೆಯಬೇಕು. ಬಿಲ್ಲು ಸಮಿತಿಯ ಹೆಸರಿನಲ್ಲೇ ಇರಬೇಕು, ನನ್ನ ಹೆಸರಿನಲ್ಲಲ್ಲ. ಬಳಕೆ ಪ್ರಮಾಣಪತ್ರವನ್ನು ಮಾರ್ಚ್ ಕೊನೆಯ ವಾರದ ಗದ್ದಲಕ್ಕೆ ಬಿಡದೆ ಫೆಬ್ರುವರಿಯಲ್ಲೇ ಕೊಟ್ಟುಬಿಟ್ಟೆ.

ಉಪ್ಪಿನ ಕೆಲಸಕ್ಕೆ ಕೊನೆಗೆ ಖರ್ಚೇ ಆಗಲಿಲ್ಲ. ಅಂಗನವಾಡಿಯ ತೂಕದ ಯಂತ್ರ ತಂದು ಹೆಂಗಸರ ಮುಂದಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು. ಐದು ದೊಡ್ಡವರಿರುವ ಮನೆಗೆ ತಿಂಗಳಿಗೆ ಮುಕ್ಕಾಲು ಕಿಲೋ. "ನಿಮ್ಮ ಮನೆಗೆ ಎಷ್ಟು ಪಾಕೀಟು ಬೇಕು?" ಎಂದೆ. ಒಬ್ಬಾಕೆ ಎರಡು ಎಂದಳು, ಪಕ್ಕದವಳು ಉಪ್ಪಿನಕಾಯಿ ಹಾಕುವ ತಿಂಗಳು ಲೆಕ್ಕವೇ ಇಲ್ಲವೆಂದಳು. "ರೊಟ್ಟಿ ಹಿಟ್ಟಿಗೆ ಉಪ್ಪು ಹಾಕುವುದಿಲ್ಲವಲ್ಲ, ಅಕ್ಕಾರೇ" ಎಂದು ಮತ್ತೊಬ್ಬಳು ವಾದಕ್ಕೆ ನಿಂತಳು. ರೊಟ್ಟಿಯದ್ದು ತಪ್ಪಲ್ಲ, ಅದರ ಜೊತೆಯ ಶೇಂಗಾ ಹಿಂಡಿಯನ್ನೂ ತೂಗೋಣ ಎಂದೆ. ಸಂಜೆ ನಡಿಗೆ ಮಾತ್ರ ನಡೆಯಲಿಲ್ಲ. ದಿನವಿಡೀ ಹೊಲದಲ್ಲಿ ಕಳೆ ಕಿತ್ತು ಬಂದವರಿಗೆ ನಡೆಯಿರಿ ಎಂದದ್ದು ನನ್ನ ಬುದ್ಧಿಗೇಡಿತನ.

ಹಣದ ದೊಡ್ಡ ಪಾಲು ಹೋದದ್ದು ಗುಳೆ ಚೀಟಿಗೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವಾ ಎಂದು ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಕಂಡುಹಿಡಿದ ಬಿ.ಪಿ. ಅಲ್ಲಿ ಮಾತ್ರೆಯಿಲ್ಲದೆ ಏರುತ್ತದೆ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ "ಊರಲ್ಲಿಲ್ಲ" ಎಂದು ಬರೆದರೆ ನನ್ನ ಕೆಲಸ ಮುಗಿಯಿತು, ಅವರದ್ದು ಮುಗಿಯುವುದಿಲ್ಲ. ಕುಷ್ಟಗಿಯ ಮುದ್ರಣಾಲಯದಲ್ಲಿ ಅಂಗೈಯಗಲದ ದಪ್ಪ ಕಾಗದದ ಚೀಟಿ ಮಾಡಿಸಿದೆವು. ಮೇಲೆ ಮಾತ್ರೆಯ ಹೆಸರು, ಪ್ರಮಾಣ. ಕೆಳಗೆ ತಾರೀಖು, ಬಿ.ಪಿ., ಸಹಿಗೆ ಖಾಲಿ ಗೆರೆಗಳು. ಹೊರಡುವ ಮುನ್ನ ವೈದ್ಯರನ್ನು ಕೇಳಿ, ದಾಸ್ತಾನು ಇದ್ದಾಗ ಎರಡು ತಿಂಗಳ ಮಾತ್ರೆ ಕೊಡಿಸಿದೆ. ಮುಗಿದ ಮೇಲೆ, ಬೆಂಗಳೂರು, ಮಂಗಳೂರಿನಲ್ಲಾದರೆ, ಈ ಚೀಟಿಯನ್ನು ಅಲ್ಲಿನ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ತೋರಿಸಿ ಎಂದೆ.

ಊರ ಜಾತ್ರೆಗೆ ಬಂದ ಒಬ್ಬ ಅಜ್ಜ ಅಂಗಿಯ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಸಿಮೆಂಟು ಮೆತ್ತಿಕೊಂಡು ಒರಟಾಗಿತ್ತು. ಎರಡು ಗೆರೆಗಳಲ್ಲಿ ಬೆಂಗಳೂರಿನ ಯಾರೋ ನೀಲಿ ಶಾಯಿಯಲ್ಲಿ ಅಂಕಿ ಬರೆದು ಸಹಿ ಹಾಕಿದ್ದರು. ಮೂರನೆಯದು ಬೆವರಿಗೆ ಹರಡಿ ಓದಲು ಬರುವಂತಿರಲಿಲ್ಲ. "ಇದಕ್ಕೊಂದು ಪ್ಲಾಸ್ಟಿಕ್ ಚೀಲ ಕೊಡು, ತಂಗೀ" ಎಂದ.

ಈ ವರ್ಷದ ನಡಾವಳಿಯಲ್ಲಿ ಸೆಲ್ಲಿನ ಕೆಳಗಿನ ಸಾಲು ಅದೇ: ಪ್ಲಾಸ್ಟಿಕ್ ಕವರು, ಇನ್ನೂರು.